ಅಳತೆಗೆ ಹೊಲಿದ ಕಾಯಿಲೆ

ಔಷಧಿ ಅಂಗಡಿಯ ಗಾಜಿನ ಕಪಾಟಿನಲ್ಲಿದ್ದ ದೀಪದ ಮೇಲೆ ಹೊಲಿಗೆಯಕ್ಕನ ಕಣ್ಣು ಬಿದ್ದದ್ದು ಶಾಲೆಗಳು ಶುರುವಾಗುವ ಹೊತ್ತಿಗೆ. ಆ ವಾರಗಳಲ್ಲಿ ಅವಳ ಬಟ್ಟೆ ರಿಪೇರಿ ಅಂಗಡಿಗೆ ಬರುವ ಬಟ್ಟೆಯೆಲ್ಲ ಒಂದೋ ಕಪ್ಪು, ಇಲ್ಲವೇ ಕಡುನೀಲಿ. ಉದ್ದ ಮಾಡಬೇಕಾದ ಪ್ಯಾಂಟು, ಬಾಯಿ ಬಿಟ್ಟ ಜಿಪ್ಪು, ಒಂದೇ ವರ್ಷದಲ್ಲಿ ಸೊಂಟ ಸಾಲದಾದ ಲಂಗ. ಕಪ್ಪು ಬಟ್ಟೆಯಲ್ಲಿ ಕಪ್ಪು ದಾರದ ಹೊಲಿಗೆ ಬಿಚ್ಚುವಷ್ಟರಲ್ಲಿ ಕಣ್ಣಲ್ಲಿ ನೀರೂರುತ್ತಿತ್ತು. ಆ ದೀಪಕ್ಕೆ ಕೊಕ್ಕರೆಯ ಹಾಗೆ ಉದ್ದ ಕತ್ತು. ತುದಿಯಲ್ಲಿ ತಟ್ಟೆಯಷ್ಟಗಲದ ಭೂತಗನ್ನಡಿ, ಅದರ ಸುತ್ತ ಬೆಳಕಿನ ಬಳೆ. ಅದರಡಿ ಬಟ್ಟೆ ಹಿಡಿದರೆ ಒಂದೊಂದು ಎಳೆಯೂ ಎದ್ದು ಕಾಣುತ್ತದೆಂದು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

ಕೊಳ್ಳಲಾಗದ ವಸ್ತುವೇನಲ್ಲ. ಆದರೆ ತನಗೆಂದು ಏನನ್ನಾದರೂ ಕೊಳ್ಳುವುದಕ್ಕೆ ಅವಳ ಕೈ ಬರುತ್ತಿರಲಿಲ್ಲ. ಮಗಳಿಗೆ ಬೇಕೆಂದರೆ ಎರಡು ಮಾತಿಲ್ಲ, ಗಂಡನಿಗೆ ಬೇಕೆಂದರೆ ಒಂದು ಮಾತು, ತನಗೆಂದರೆ ನೂರು ಮಾತು, ಕೊನೆಗೆ ‘ಬಿಡು, ಹೇಗೋ ನಡೀತಿದೆಯಲ್ಲ’. ಈ ದೀಪವನ್ನಾದರೋ ಕೊಳ್ಳಬೇಕಾಗಿರಲಿಲ್ಲ, ಗೆಲ್ಲಬಹುದಿತ್ತು. ಡಾಕ್ಟರ ಚೀಟಿ ತಂದು ಔಷಧಿ ಕೊಂಡವರಿಗೆ ಅಂಗಡಿಯವನು ಚೀಟಿಯಲ್ಲಿದ್ದ ಒಂದೊಂದು ಔಷಧಿಗೂ ಒಂದೊಂದು ಹೊಳೆಯುವ ಚುಕ್ಕಿಯನ್ನು ಕಾರ್ಡಿಗೆ ಅಂಟಿಸುತ್ತಿದ್ದ. ಕಾರ್ಡಿನ ಇಪ್ಪತ್ತನಾಲ್ಕು ಮನೆ ತುಂಬಿದರೆ ಕಪಾಟಿನಿಂದ ಇಷ್ಟವಾದದ್ದು ಒಂದು. ಚೀಟಿ ಇಲ್ಲದೆ ಮೂಟೆಗಟ್ಟಲೆ ಕೊಂಡರೂ ಚುಕ್ಕಿ ಇಲ್ಲ. ಬೀದಿಯವರು ಅವನಿಗೆ ಚುಕ್ಕಿರಾಯ ಎಂದು ಹೆಸರಿಟ್ಟಿದ್ದರು.

ಅಂಗಡಿಯಲ್ಲಿ ಅವಳ ಜೊತೆಗಿದ್ದವಳು ಇಸ್ತ್ರಿಯಕ್ಕ, ಅವಳ ಮೈದುನನ ಹೆಂಡತಿ. ಬೇಕರಿಗೂ ಬೀಗದ ಕೈ ಮಾಡುವವನ ಅಂಗಡಿಗೂ ನಡುವಿನ ಉದ್ದನೆಯ ಒಂದೇ ಕೋಣೆ. ಒಳಗೆ ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು, ಮೂಲೆಯಲ್ಲಿ ಪರದೆ ಎಳೆದ ಕನ್ನಡಿ. ಹಿರಿಯವಳು ಬಿಚ್ಚಿ ಹೊಲಿಯುತ್ತಿದ್ದಳು, ಕಿರಿಯವಳು ಇಸ್ತ್ರಿ ಮಾಡಿ ಗಿರಾಕಿಗಳೊಡನೆ ಮಾತಾಡುತ್ತಿದ್ದಳು. ವಾರಗಿತ್ತಿಯರು ಒಂದು ವರ್ಷವೂ ಕೂಡಿ ಬಾಳಲಾರರು ಎಂದು ಕಾದುಕೊಂಡಿದ್ದ ನೆಂಟರು ಕಾದು ಕಾದು ಬೇಸತ್ತು, ಈಗ ತಮ್ಮ ಬಟ್ಟೆಗಳನ್ನೂ ಇಲ್ಲಿಗೇ ತರುತ್ತಿದ್ದರು.

ಮೊದಲ ಚೀಟಿಯಲ್ಲಿ ಮೋಸವೇನೂ ಇರಲಿಲ್ಲ. ಮಣಿಕಟ್ಟು ನಿಜವಾಗಿಯೂ ನೋಯುತ್ತಿತ್ತು. ಬೇರೆ ವರ್ಷಗಳಲ್ಲಾದರೆ ಬಟ್ಟೆ ಸುತ್ತಿಕೊಂಡು ಹೊಲಿಯುತ್ತಿದ್ದಳು. ಈ ಸಲ ಬೀದಿಯ ಕೊನೆಯ ಚಿಕಿತ್ಸಾಲಯಕ್ಕೆ ಹೋದಳು. ಅಲ್ಲಿದ್ದ ಡಾಕ್ಟರಿಗೆ ಅವಳ ಮಗಳ ವಯಸ್ಸು. ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಬೆರಳು ಬೆರಳಾಗಿ ಒತ್ತಿ, “ಎಷ್ಟು ದಿನದಿಂದ ಅಮ್ಮ? ಬೇರೆ ಏನಾದ್ರೂ ತೊಂದ್ರೆ?” ಎಂದು ಕೇಳಿ, ಉತ್ತರ ಬರುವವರೆಗೆ ಮುಖವನ್ನೇ ನೋಡುತ್ತಾ ಕೂತಳು. ಹಾಗೆ ಯಾರಾದರೂ ಕೇಳಿ ಕಾಯುತ್ತಾರೆಂಬುದೇ ಹೊಲಿಗೆಯಕ್ಕನಿಗೆ ಮರೆತುಹೋಗಿತ್ತು. ಮುಲಾಮು ಒಂದು, ಮಾತ್ರೆ ಒಂದು. ಕಾರ್ಡಿಗೆ ಎರಡು ಚುಕ್ಕಿ. ವಾಪಸು ಬರುವಾಗ ಕೈನೋವು ಅರ್ಧ ಕಡಿಮೆಯಾದಂತಿತ್ತು.

ಎರಡನೆಯ ಸಲ ಹೋಗುವ ಮೊದಲು ಅವಳು ಇಸ್ತ್ರಿ ಮೇಜಿನ ಪಕ್ಕ ನಿಂತು ಬಾಯಿಬಿಟ್ಟಳು.

“ಲೇ, ಸುಮ್ಮನೆ ಇನ್ನೊಂದೆರಡು ನೋವು ಹೇಳಿಕೊಂಡ್ರೆ ಪಾಪ ಬರುತ್ತಾ?”

ಇಸ್ತ್ರಿಯಕ್ಕ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು. “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾಲ್ಕು ಸುಳ್ಳು ಹೇಳಿ ಒಂದು ದೀಪ ತರಬಾರದಾ? ಆದ್ರೆ ಅಕ್ಕ, ನಿನಗೆ ಸುಳ್ಳು ಹೇಳಕ್ಕೆ ಬರುತ್ತಾ? ಪ್ಯಾಂಟು ಗಿಡ್ಡ ಆಗಿದ್ರೆ ಗಿರಾಕಿ ಕೇಳೋ ಮುಂಚೆ ನೀನೇ ಹೇಳಿಬಿಡ್ತೀಯ.”

“ಅದು ಬಟ್ಟೆ ವಿಷಯ.”

“ಹೋಗ್ಲಿ, ಆ ಔಷಧೀನೆಲ್ಲಾ ನುಂಗ್ತೀಯಾ?”

“ನಾನೇನು ಹುಚ್ಚೀನಾ? ಗುಂಡಿ ಡಬ್ಬಿ ಪಕ್ಕ ಇಟ್ಟಿರ್ತೀನಿ.”

ಸುಳ್ಳು ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ಅಳತೆ ಬಟ್ಟೆ ಇಲ್ಲದೆ ಅವಳು ಯಾವತ್ತೂ ಕತ್ತರಿ ಮುಟ್ಟಿದವಳಲ್ಲ. ‘ಕಣ್ಣಂದಾಜಿಗೆ ಹೊಲಿದುಕೊಡಿ’ ಎಂದವರನ್ನು ಹಿಂದಕ್ಕೆ ಕಳಿಸಿ, ಚೆನ್ನಾಗಿ ಕೂರುವ ಹಳೆಯದೊಂದನ್ನು ತನ್ನಿ ಎನ್ನುತ್ತಿದ್ದಳು. ಸುಳ್ಳು ಕಾಯಿಲೆಗೂ ಅಂಥದೊಂದು ಅಳತೆ ಬಟ್ಟೆ ಬೇಕಾಯಿತು. ಮಿಷನ್ ತುಳಿಯುತ್ತಾ ಯೋಚಿಸಿದಳು. ಹತ್ತಿರದಲ್ಲಿ ಸಿಕ್ಕಿದ್ದು ತನ್ನದೇ ಮೈ. ಬಾಚಣಿಗೆಯಲ್ಲಿ ದಿನಾ ಸಿಕ್ಕುವ ಕೂದಲುಂಡೆ ನೆನಪಾಯಿತು. ‘ಕೂದಲು ಉದುರುತ್ತೆ ಅಂತ ಹೇಳಬಹುದು’ ಎಂದುಕೊಂಡಳು. ಊಟವಾದ ಮೇಲೆ ಕಲ್ಲಿಟ್ಟಂತೆ ಭಾರವಾಗುವ ಹೊಟ್ಟೆ ನೆನಪಾಯಿತು. ‘ಇದನ್ನೂ ಸೇರಿಸಬಹುದು.’ ಇವೆಲ್ಲ ಕಾಯಿಲೆಯೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ವಯಸ್ಸು, ಕೆಲಸ, ಹೆಂಗಸಿನ ಮೈ, ಅಷ್ಟೆ. ಹಾಗಾಗಿ ಅವನ್ನು ಕಾಯಿಲೆಯೆಂದು ಹೇಳಿಕೊಳ್ಳುವುದು ಅವಳ ಲೆಕ್ಕದಲ್ಲಿ ಶುದ್ಧ ಸುಳ್ಳು.

ಆ ಸುಳ್ಳುಗಳು ಚೆನ್ನಾಗಿ ಕೂತವು. ಡಾಕ್ಟರು ತಲೆಯಾಡಿಸಿ ಬರೆದುಕೊಟ್ಟಳು. ಚುಕ್ಕಿಗಳು ಸಾಲುಗಟ್ಟಿದವು. ಒಂದು ಸಲವಂತೂ ಬಾಯಿ ತಪ್ಪಿ, “ಇನ್ನೊಂದು ಏನಾದ್ರೂ ಬರೀತೀರಾ ಡಾಕ್ಟ್ರೇ?” ಎಂದು ಕೇಳಿಬಿಟ್ಟಳು.

“ಇನ್ನೊಂದು ಅಂದ್ರೆ? ತರಕಾರಿ ಕೊಂಡ ಮೇಲೆ ಕೊಸರು ಕೇಳೋ ಹಾಗೆ ಕೇಳ್ತೀರಲ್ಲ ಅಮ್ಮ!” ಎಂದು ಡಾಕ್ಟರು ನಕ್ಕಳು.

ನಗುವಿನಲ್ಲಿ ಸಂಶಯವಿರಲಿಲ್ಲ. ಅದೇ ಹೊಲಿಗೆಯಕ್ಕನಿಗೆ ಸಣ್ಣ ಮುಳ್ಳಿನಂತೆ ಚುಚ್ಚಿತು. ಹೊರಗೆ ಬೆಂಚಿನ ಮೇಲೆ ತಾಯಿಯ ತೊಡೆಯಲ್ಲಿ ಒಂದು ಮಗು ಉಸಿರು ಕಟ್ಟುವಂತೆ ಕೆಮ್ಮುತ್ತಿತ್ತು. ತಾನು ಒಳಗೆ ನಗುತ್ತಾ ಕೂತಿದ್ದಷ್ಟು ಹೊತ್ತೂ ಅದು ಅಲ್ಲೇ ಕೆಮ್ಮುತ್ತಿತ್ತೆಂದು ಹೊಳೆದು ಬೇಗ ಬೇಗ ಮೆಟ್ಟಿಲಿಳಿದಳು. ಮುಂದಿನ ಸಲ ತನ್ನ ಸರದಿ ಬಂದಾಗ ಹಿಂದಿದ್ದ ಮುದುಕರನ್ನು ಒಳಗೆ ಕಳಿಸಿದಳು. ಲೆಕ್ಕ ಸರಿಹೋಯಿತು ಎಂದುಕೊಂಡಳು. ಸರಿಹೋಗಿರಲಿಲ್ಲ. ಗೊತ್ತಿತ್ತು.

ಆ ಸಲ ಹೇಳಲು ಅವಳಿಗೆ ತನ್ನದೇನೂ ಹೊಳೆಯಲಿಲ್ಲ. ಬೇಕರಿಯವಳು ದಿನವೂ ಹೇಳುವ ಮಾತು ನಾಲಿಗೆಗೆ ಬಂತು. “ನಿದ್ದೇನೇ ಬರಲ್ಲ ಡಾಕ್ಟ್ರೇ, ಬೆಳಗಿನ ತನಕ ಹೊರಳಾಡ್ತೀನಿ.” ನಿಜಕ್ಕೆ ಅವಳು ದಿಂಬಿಗೆ ತಲೆ ಕೊಟ್ಟರೆ ಮುಗಿಯಿತು. ಹಗಲಲ್ಲೂ ಗುಂಡಿ ಹೊಲಿಯುತ್ತಾ ತೂಕಡಿಸಿ, ಇಸ್ತ್ರಿಯಕ್ಕನಿಂದ “ಏಳಮ್ಮ ಕುಂಭಕರ್ಣಿ!” ಎಂದು ಅನ್ನಿಸಿಕೊಳ್ಳುತ್ತಿದ್ದಳು. ಡಾಕ್ಟರು ಹುಬ್ಬು ಗಂಟಿಕ್ಕಿ, ಏನೋ ಬರೆಯಹೊರಟವಳು ನಿಲ್ಲಿಸಿ, ನಿದ್ದೆಗೆ ಕೆಲವೇ ಕೆಲವು ಮಾತ್ರೆ ಬರೆದಳು. ಅವೂ ಗುಂಡಿ ಡಬ್ಬಿಯ ಪಕ್ಕ ಸೇರಿದವು.

ಕಾರ್ಡಿನಲ್ಲಿ ಇನ್ನು ಎರಡೇ ಮನೆ ಖಾಲಿ. ಹೊಲಿಗೆಯಕ್ಕ ಕೊನೆಯ ಸಲವೆಂದು ಹೊರಟಳು. ಈ ಬಾರಿ ಮತ್ತೆ ತನ್ನದೇ ಅಳತೆ. “ಮೈಯೆಲ್ಲಾ ಸುಸ್ತು. ಚಳಿ ಬೇರೆ.” ಹೇಳುವಾಗ ಅವಳು ಸ್ವೆಟರಿನ ಗುಂಡಿ ಹಾಕಿಕೊಂಡಿದ್ದಳು. ಕಿಟಕಿಯ ಹೊರಗೆ ಜನ ಬಿಸಿಲಿಗೆ ಛತ್ರಿ ಹಿಡಿದು ಹೋಗುತ್ತಿದ್ದರು. ಡಾಕ್ಟರು ಸ್ವೆಟರನ್ನು ನೋಡಿದಳು. ಎದ್ದು ಬಂದು ಹಿಂದೆ ನಿಂತು, ಅವಳ ಕುತ್ತಿಗೆಯ ಮುಂಭಾಗವನ್ನು ಎರಡೂ ಕೈಗಳಿಂದ ಸವರಿ, “ಉಗುಳು ನುಂಗಿ” ಎಂದಳು. ಆಮೇಲೆ ಬರೆದದ್ದು ರಕ್ತಪರೀಕ್ಷೆಗೆ.

“ಔಷಧಿ?”

“ಈಗ ಬೇಡ ಅಮ್ಮ. ರಿಪೋರ್ಟ್ ಬರಲಿ.”

ರಕ್ತಕ್ಕೆ ಚುಕ್ಕಿಯಿಲ್ಲ. ಹತ್ತಿಯ ತುಂಡನ್ನು ಮೊಣಕೈಯಲ್ಲಿ ಮಡಚಿ ಹಿಡಿದುಕೊಂಡು ಬಂದವಳನ್ನು ನೋಡಿ ಇಸ್ತ್ರಿಯಕ್ಕ, “ಕೊಡೋದು ಬಿಟ್ಟು ನಿನ್ನಿಂದಲೇ ತಗೊಂಡ್ರಾ? ಭಲೇ ಡಾಕ್ಟ್ರು!” ಎಂದು ಬಿದ್ದೂ ಬಿದ್ದೂ ನಕ್ಕಳು. ಹೊಲಿಗೆಯಕ್ಕನೂ ನಕ್ಕಳು.

ಚಿಕಿತ್ಸಾಲಯದಿಂದ ಫೋನು ಬಂದಾಗ ಅವಳು ಒಂದು ಕೋಟಿನ ಒಳಬಟ್ಟೆ ಬದಲಿಸುತ್ತಿದ್ದಳು. ಗಾಬರಿಯಿಲ್ಲ, ಆದರೆ ಬನ್ನಿ, ಒಂದು ಮಾತ್ರೆ ಶುರು ಮಾಡಬೇಕು, ಬಹುಶಃ ಯಾವಾಗಲೂ ತಗೋಬೇಕಾಗುತ್ತೆ ಎಂದಳು ಡಾಕ್ಟರು. ಫೋನಿಟ್ಟ ಮೇಲೆ ಸೂಜಿ ಬಟ್ಟೆಯಲ್ಲಿ ಹಾಗೇ ನಿಂತಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳಿಗೆ ಮೊದಲು ನೆನಪಾದದ್ದು ತನ್ನ ಸುಳ್ಳುಗಳು. ಆ ಹುಡುಗಿ ನಂಬಿ ನಂಬಿ, ತಾನು ಹೊಲಿದುಕೊಟ್ಟ ಕಾಯಿಲೆಗೆ ಜೀವನವಿಡೀ ನುಂಗುವ ಔಷಧಿ ಕೊಡಹೊರಟಿದ್ದಾಳೆ. ಸುಮ್ಮನಿದ್ದರೆ ಆ ಮಾತ್ರೆಯನ್ನು ನುಂಗಬೇಕು, ಇಲ್ಲವೇ ಗುಂಡಿ ಡಬ್ಬಿಯ ಪಕ್ಕ ಇಟ್ಟು ಜೀವನವಿಡೀ ಸುಳ್ಳು ಹೇಳಬೇಕು. ನಿಜ ಹೇಳಿದರೆ? ಮುಖ ನೋಡುತ್ತಾ ಉತ್ತರಕ್ಕೆ ಕಾಯುವ ಆ ಒಂದು ಜಾಗ ಹೋಗುತ್ತದೆ. ದೀಪಕ್ಕಿಂತ ಅದೇ ದೊಡ್ಡದಾಗಿ ಯಾವಾಗ ಬೆಳೆಯಿತೋ ಅವಳಿಗೇ ತಿಳಿದಿರಲಿಲ್ಲ.

ಬೆರಳಿಗೆ ಹಾಕಿಕೊಂಡಿದ್ದ ಲೋಹದ ಟೋಪಿಯನ್ನು ತೆಗೆಯಹೋದಳು. ಸೂಜಿ ಚುಚ್ಚದಿರಲೆಂದು ಹಾಕುವ ಆ ಪುಟ್ಟ ಟೋಪಿ ಈಚೆಗೆ ಬೆರಳಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಸೋಪು ಹಚ್ಚಿ ಎಳೆಯಬೇಕಾಯಿತು.

“ಬಾರೇ ನನ್ನ ಜೊತೆ,” ಎಂದಳು.

“ಅಂಗಡಿ?”

“ಬಾಗಿಲು ಹಾಕು. ಒಬ್ಬಳೇ ಹೋದ್ರೆ ನಾನು ಮತ್ತೆ ಸುಳ್ಳೇ ಹೇಳ್ತೀನಿ.”

ಇಸ್ತ್ರಿಯಕ್ಕ ಅವಳ ಮುಖ ನೋಡಿ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು.

ಡಾಕ್ಟರು ರಿಪೋರ್ಟು ಬಿಡಿಸಿ ಪೆನ್ನು ತೆಗೆದಿದ್ದಳು.

“ಬರೆಯೋ ಮುಂಚೆ ಒಂದು ಮಾತು ಡಾಕ್ಟ್ರೇ. ನಾನು ನಿಮಗೆ ಹೇಳಿದ್ದೆಲ್ಲಾ ಸುಳ್ಳು.”

“ಏನು ಸುಳ್ಳು?”

“ಸುಸ್ತು, ಚಳಿ, ಕೂದಲು, ಹೊಟ್ಟೆ, ನಿದ್ದೆ. ಎಲ್ಲಾ ನಾನೇ ಹುಟ್ಟಿಸಿದ್ದು. ಚುಕ್ಕಿಗೋಸ್ಕರ.”

“ಯಾವ ಚುಕ್ಕಿ?”

ಇಸ್ತ್ರಿಯಕ್ಕ ಹೊಲಿಗೆಯಕ್ಕನ ಪರ್ಸಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಚೀಟಿ, ಔಷಧಿ, ಕಪಾಟು, ದೀಪ, ಎಲ್ಲವನ್ನೂ ಗಿರಾಕಿಗೆ ಬಿಲ್ಲು ವಿವರಿಸುವಷ್ಟು ಚೊಕ್ಕವಾಗಿ ಹೇಳಿದಳು. ಡಾಕ್ಟರು ಹೊಳೆಯುವ ಚುಕ್ಕಿಗಳನ್ನು ನೋಡಿದಳು. ನಗಲಿಲ್ಲ.

“ಆ ಔಷಧಿಗಳು?”

“ಒಂದೂ ನುಂಗಿಲ್ಲ, ಗುಂಡಿ ಡಬ್ಬಿ ಪಕ್ಕ ಇಟ್ಟಿದ್ದೀನಿ. ಮುಲಾಮು ಮಾತ್ರ ಹಚ್ಚಿದೆ, ಅದು ನಿಜವಾದ ನೋವು. ಈಗ ಈ ಮಾತ್ರೇನ ನನ್ನ ಸುಳ್ಳು ನಂಬಿ ಬರೀಬೇಡಿ ಅಂತ ಹೇಳಕ್ಕೆ ಬಂದೆ.”

ಡಾಕ್ಟರು ರಿಪೋರ್ಟನ್ನು ಅವಳತ್ತ ತಿರುಗಿಸಿದಳು. “ಅಮ್ಮ, ನಿಮ್ಮ ರಕ್ತಕ್ಕೆ ಯಾರೂ ಚುಕ್ಕಿ ಕೊಡಲ್ಲ. ಅದ್ಯಾಕೆ ಸುಳ್ಳು ಹೇಳುತ್ತೆ? ನಿಮ್ಮ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡ್ತಿಲ್ಲ. ಬಹಳ ದಿನದಿಂದಲೇ ಇರಬೇಕು. ಸುಸ್ತಾಗುತ್ತೆ, ಚಳಿಯಾಗುತ್ತೆ, ಕೂದಲು ಉದುರುತ್ತೆ, ಕೈಕಾಲು ಊದಿಕೊಳ್ಳುತ್ತೆ. ಇದನ್ನೆಲ್ಲಾ ಸುಳ್ಳು ಅಂತೀರಾ?”

“ಸುಳ್ಳೇ. ನನಗೆ ಹಾಗೇನೂ—”

“ಅಯ್ಯೋ, ನಿಲ್ಲಿಸು ಮಾರಾಯ್ತಿ!” ಇಸ್ತ್ರಿಯಕ್ಕ ಕುರ್ಚಿಯನ್ನು ಮುಂದಕ್ಕೆಳೆದಳು. “ಚಳಿ ಸುಳ್ಳಾ? ನಾನು ಇಸ್ತ್ರಿ ಕಾವಿಗೆ ಬೆವರು ಸುರಿಸ್ತಾ ನಿಂತಿರ್ತೀನಿ, ನೀನು ಪಕ್ಕದಲ್ಲೇ ಸ್ವೆಟರ್ ಹಾಕ್ಕೊಂಡು ಫ್ಯಾನ್ ಆರಿಸು ಅಂತೀಯ! ಸುಸ್ತು ಸುಳ್ಳಾ? ಮೊನ್ನೆ ಮೆಟ್ಟಿಲ ಮೇಲೆ ಕೂತ್ಕೊಂಡು, ಸುಮ್ಮನೆ ಬೀದಿ ನೋಡ್ತಿದ್ದೀನಿ ಅಂದ್ಯಲ್ಲ, ಏನಿತ್ತು ಬೀದೀಲಿ? ಡಾಕ್ಟ್ರೇ, ಇವಳು ನಿಮಗೆ ಹೇಳಿದ್ದು ಸುಳ್ಳಲ್ಲ. ಮನೇಲಿ ನಮಗೆ ಹೇಳ್ತಿದ್ದಳಲ್ಲ, ‘ನನಗೇನಾಗಿದೆ, ಚೆನ್ನಾಗೇ ಇದ್ದೀನಿ’ ಅಂತ, ಅದು ಸುಳ್ಳು.”

ಹೊಲಿಗೆಯಕ್ಕ ತನ್ನ ಕೈಗಳನ್ನು ನೋಡಿಕೊಂಡಳು. ಎಷ್ಟು ಜನರ ಸೊಂಟ, ತೋಳು, ಕುತ್ತಿಗೆ ಹಿಗ್ಗಿದ್ದನ್ನು ಕುಗ್ಗಿದ್ದನ್ನು ಈ ಕೈಗಳು ಅವರಿಗಿಂತ ಮೊದಲೇ ಕಂಡುಹಿಡಿದಿದ್ದವು. ‘ಈಚೆಗೆ ಊಟ ಸರಿಯಾಗಿ ಮಾಡ್ತಿಲ್ವಾ?’ ಎಂದು ಗಿರಾಕಿಗಳನ್ನು ಗದರುತ್ತಿದ್ದವಳು ತನ್ನ ಕುಪ್ಪಸದ ತೋಳನ್ನು ಈ ವರ್ಷ ಎರಡು ಸಲ ಬಿಚ್ಚಿ ಸಡಿಲ ಮಾಡಿಕೊಂಡಿದ್ದಳು. ಒಮ್ಮೆಯೂ ‘ಯಾಕೆ’ ಎಂದು ಕೇಳಿಕೊಂಡಿರಲಿಲ್ಲ.

“ಸುಳ್ಳಿಗೊಂದು ಅಳತೆ ಬೇಕಿತ್ತು. ನನ್ನ ಮೈಯಿಂದಲೇ ತಗೊಂಡೆ,” ಎಂದಳು ಮೆಲ್ಲಗೆ.

“ನಿದ್ದೆ ಬರಲ್ಲ ಅಂದಿದ್ದು?”

“ಅದು ಬೇಕರಿಯವಳದು.”

“ಅದೊಂದೇ ನಿಮ್ಮದಲ್ಲ ಅಂತಾಯ್ತು.” ಡಾಕ್ಟರು ಪೆನ್ನನ್ನು ಕೆಳಗಿಟ್ಟಳು. ದನಿ ಏರಲಿಲ್ಲ, ಆದರೆ ಅದರಲ್ಲಿ ಹಿಂದಿನ ಮೃದುತನವೂ ಇರಲಿಲ್ಲ. “ಅವತ್ತೇ ನನಗೆ ಥೈರಾಯ್ಡ್ ಅನುಮಾನ ಬಂದಿತ್ತು. ರಕ್ತಪರೀಕ್ಷೆಗೆ ಬರೆಯೋಳಿದ್ದೆ. ನೀವು ನಿದ್ದೇನೇ ಇಲ್ಲ ಅಂದಿರಿ. ಓಹೋ, ಹಾಗಾದ್ರೆ ಕೂದಲು, ಹೊಟ್ಟೆ ಎಲ್ಲಾ ಅದರಿಂದಲೇ ಅಂದುಕೊಂಡು ಬೇರೆ ದಾರಿ ಹಿಡಿದೆ. ನನ್ನ ಹತ್ತಿರ ಇರೋದು ಎದೆಬಡಿತ ಕೇಳೋ ಈ ಕೊಳವೆ ಒಂದು, ನಿಮ್ಮ ಮಾತು ಒಂದು. ಈ ಕೊಳವೆಗಿಂತ ನಿಮ್ಮ ಮಾತೇ ಜಾಸ್ತಿ ಹೇಳೋದು. ಅದನ್ನೇ ನಂಬೋ ಹಾಗಿಲ್ಲ ಅಂದ್ರೆ ನಾನು ಏನಿಟ್ಟುಕೊಂಡು ನೋಡಲಿ ಅಮ್ಮ?”

ಹೊಲಿಗೆಯಕ್ಕನಿಗೆ ಅಳು ಬರಲಿಲ್ಲ. ಬಂದಿದ್ದರೆ ಸುಲಭವಿತ್ತು. “ನಿಮ್ಮ ಮಾತು ಸರಿ,” ಎಂದಳು. “ಹೊರಗೆ ಮಕ್ಕಳು ಕೆಮ್ಮುತ್ತಾ ಕೂತಿದ್ದಾಗ ಒಳಗೆ ಬಂದು ನಿಮ್ಮ ಹೊತ್ತು ತಿಂದೆ. ಅದೂ ತಪ್ಪೇ.”

ಡಾಕ್ಟರು ಸ್ವಲ್ಪ ಹೊತ್ತು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಪೆನ್ನು ಎತ್ತಿಕೊಂಡಳು. “ಒಂದೇ ಮಾತ್ರೆ. ದಿನಾ ಬೆಳಿಗ್ಗೆ, ಖಾಲಿ ಹೊಟ್ಟೇಲಿ. ಗುಂಡಿ ಡಬ್ಬಿ ಪಕ್ಕ ಅಲ್ಲ, ಬಾಯಿಗೆ. ಆ ಹಳೇ ಔಷಧೀನೆಲ್ಲಾ ಇವತ್ತೇ ಮನೆಯಿಂದ ಹೊರಗೆ ಹಾಕಬೇಕು, ನಿದ್ದೆ ಮಾತ್ರೇನ ಮೊದಲು. ಔಷಧಿ ಅಂಗಡೀಲಿ ಅದಕ್ಕೆ ಅಂತಲೇ ಡಬ್ಬಿ ಇಟ್ಟಿರ್ತಾರೆ. ಇನ್ನು ಮೇಲೆ ನೀವು ಬಂದಾಗಲೆಲ್ಲಾ ಇವರೂ ಬರಬೇಕು. ನೀವು ಹೇಳಿದ್ದನ್ನ ಇವರ ಹತ್ತಿರ ಕೇಳಿ ಆಮೇಲೆ ನಂಬ್ತೀನಿ.”

“ಬಂದೇ ಬರ್ತೀನಿ,” ಎಂದಳು ಇಸ್ತ್ರಿಯಕ್ಕ, ಮೊಕದ್ದಮೆ ಗೆದ್ದವಳಂತೆ. “ಇವಳು ಬಿಟ್ಟಿದ್ದನ್ನೂ ಸೇರಿಸಿ ಹೇಳ್ತೀನಿ.”

ಆಗ ಡಾಕ್ಟರ ತುಟಿಯಲ್ಲಿ ಸಣ್ಣ ನಗು ಸುಳಿಯಿತು. ಹೊಲಿಗೆಯಕ್ಕನಿಗೆ ಆ ದಿನಕ್ಕೆ ಅಷ್ಟು ಸಾಕಾಗಿತ್ತು.

ಗುಂಡಿ ಡಬ್ಬಿಯ ಪಕ್ಕದ ಔಷಧಿಗಳನ್ನೆಲ್ಲ ಚೀಲಕ್ಕೆ ತುಂಬಿ ಇಬ್ಬರೂ ಚುಕ್ಕಿರಾಯನ ಅಂಗಡಿಗೆ ಹೋದರು. ಬೇಡದ ಔಷಧಿ ಹಾಕುವ ಡಬ್ಬಿಯೊಳಗೆ ಒಂದೊಂದೇ ಬೀಳುವ ಸದ್ದಿಗೆ ಅವನು ಕತ್ತೆತ್ತಿ ನೋಡಿದ. ಹೊಸ ಚೀಟಿ ನೋಡಿ ಮಾತ್ರೆ ತಂದಿಟ್ಟು, ಅಭ್ಯಾಸದಂತೆ ಚುಕ್ಕಿಯ ಹಾಳೆ ಕೈಗೆತ್ತಿಕೊಂಡ.

“ಅಕ್ಕ, ಇದಾದ್ರೆ ಇನ್ನೊಂದೇ! ದೀಪ ಒರೆಸಿಡಲಾ?”

“ಬೇಡಪ್ಪ. ಮುಲಾಮಿಂದು, ಅದರ ಜೊತೆ ಬರೆದ ಮಾತ್ರೇದು, ಈ ಎರಡು ಬಿಟ್ಟು ಮಿಕ್ಕ ಚುಕ್ಕಿ ಕಿತ್ತುಬಿಡು.”

“ಕೀಳೋದಾ?” ಅವನು ಗಾಬರಿಯಾದ. “ಅಂಟಿಸೋದು ಮಾತ್ರ ಹೇಳಿಕೊಟ್ಟಿದ್ದಾರೆ ಅಕ್ಕ. ಕೀಳೋದು ಹೇಗೆ ಅಂತ ನಮ್ಮ ಮೇಲಿನವರಿಗೂ ಗೊತ್ತಿರಲ್ಲ.”

“ಹಾಗಾದ್ರೆ ಹೊಸ ಕಾರ್ಡು ಕೊಡು.”

“ಅಕ್ಕ!” ಇಸ್ತ್ರಿಯಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಬಂಗಾರದಂಥ ಕಾರ್ಡು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನೀನು ಬಾಯಿಂದ ತೆಗೆದು ಉಗೀತಿದ್ದೀಯ. ಕಾಯಿಲೆ ನಿಜ ಅಂತ ಡಾಕ್ಟ್ರೇ ಹೇಳಿದ ಮೇಲೆ ಚುಕ್ಕೀನೂ ನಿಜ ತಾನೇ?”

ಹೊಲಿಗೆಯಕ್ಕ ಒಂದು ಕ್ಷಣ ಯೋಚಿಸಿದಳು. ಮಾತಿನಲ್ಲಿ ಹುರುಳಿತ್ತು. ದೀಪ ಗಾಜಿನ ಹಿಂದೆ ಕತ್ತು ಬಾಗಿಸಿ ನಿಂತಿತ್ತು. “ಕಾಯಿಲೆ ನಿಜ ಇರಬಹುದು ಕಣೇ. ನಾನು ಹೇಳಿದಾಗ ಅದು ನಿಜ ಅಂತ ನನಗೆ ಗೊತ್ತಿರಲಿಲ್ಲವಲ್ಲ.”

ಈ ಮಾತನ್ನು ಇಸ್ತ್ರಿಯಕ್ಕ ನೆನಪಿಟ್ಟುಕೊಂಡು ಆಮೇಲೆ ಹಲವು ಸಲ ಗಿರಾಕಿಗಳಿಗೆ ಹೇಳಿದಳು.

ಹಳೆಯ ಕಾರ್ಡು ಚುಕ್ಕಿರಾಯನ ಕಸದ ಬುಟ್ಟಿಗೆ ಬಿತ್ತು. ಮುಲಾಮು, ಮಾತ್ರೆಯ ಎರಡು ಚುಕ್ಕಿಯೂ ಅದರೊಂದಿಗೇ ಹೋದವು. ಇರಲಿ ಬಿಡು, ಸುಳ್ಳಿಗೆ ಕಟ್ಟಿದ ಬಡ್ಡಿ ಎಂದುಕೊಂಡಳು ಹೊಲಿಗೆಯಕ್ಕ. ಹೊಸ ಕಾರ್ಡಿನ ಮೊದಲ ಮನೆಯಲ್ಲಿ ಒಂದೇ ಒಂದು ಚುಕ್ಕಿ ಹೊಳೆಯಿತು.

ಮರುದಿನ ಇಬ್ಬರೂ ಸೇರಿ ಮಿಷನ್ನನ್ನು ಗೋಡೆಯಿಂದ ಎಳೆದು ಬೀದಿಯ ಕಿಟಕಿಗೆ ತಂದಿಟ್ಟರು. ಇಷ್ಟು ವರ್ಷ ಆ ಜಾಗದಲ್ಲಿ ಗಿರಾಕಿಗಳ ಕುರ್ಚಿ ಇತ್ತು. ಗಿರಾಕಿಗಳಿಗೆ ಬೆಳಕು ಯಾಕೆ ಬೇಕು ಎಂಬ ಪ್ರಶ್ನೆಯೇ ಇಬ್ಬರಿಗೂ ಈವರೆಗೆ ಹೊಳೆದಿರಲಿಲ್ಲ. ಕಪ್ಪು ಬಟ್ಟೆಗೆ ಆ ಬೆಳಕು ಸಾಕಾಗದಿದ್ದರೂ, ಕಡುನೀಲಿಗೆ ಸಾಕಾಗುತ್ತಿತ್ತು.

ಮಾತ್ರೆ ಒಮ್ಮೆಲೇ ಏನೂ ಮಾಡಲಿಲ್ಲ. ದಿನಾ ಬೆಳಿಗ್ಗೆ ಒಂದು ಲೋಟ ನೀರಿನೊಡನೆ ಅದನ್ನು ನುಂಗಿ, ಅದು ಇಳಿದು ಹೋಗುವುದನ್ನು ಅವಳು ಗಮನವಿಟ್ಟು ಕೇಳುತ್ತಿದ್ದಳು. ಮನೆಯಲ್ಲಿ ಎಲ್ಲರಿಗಿಂತ ಮೊದಲು ತನ್ನ ಬಾಯಿಗೆ ಏನಾದರೂ ಹಾಕಿಕೊಳ್ಳುವುದು ಅವಳಿಗೆ ಹೊಸದು. ಗಂಡ ಬಂದು, “ಟೀ?” ಎಂದರೆ, “ತಾಳಿ, ನನ್ನ ಮಾತ್ರೆ ಇಳೀಲಿ,” ಎನ್ನುತ್ತಿದ್ದಳು. ಅವನು ತಾಳುತ್ತಿದ್ದ. ಮೊದಲೇ ಕೇಳಿದ್ದರೆ ಮೊದಲೂ ತಾಳುತ್ತಿದ್ದನೇನೋ.

ಒಂದು ಮಧ್ಯಾಹ್ನ ಪ್ಯಾಂಟೊಂದರ ಅಂಚು ಹೊಲಿದು ಮುಗಿಸಿ ಕೈ ಕೊಡವಿದಾಗ ಬೆರಳಿನ ಟೋಪಿ ತಾನಾಗಿಯೇ ಜಾರಿ ಬಿದ್ದು, ಟಣ್ಣೆಂದು ಉರುಳುತ್ತಾ ಇಸ್ತ್ರಿ ಮೇಜಿನಡಿ ಹೋಯಿತು. ಇಸ್ತ್ರಿಯಕ್ಕ ಬಗ್ಗಿ ಹೆಕ್ಕಿ ಕೊಟ್ಟಳು. ಏನೆಂದು ಅವಳಿಗೂ ಅರ್ಥವಾಗಿತ್ತು. ಆದರೆ ಸುಮ್ಮನೆ ಬಿಟ್ಟರೆ ಅವಳು ಇಸ್ತ್ರಿಯಕ್ಕನೇ ಅಲ್ಲ.

“ತಿಂಗಳಿಗೆ ಒಂದು ಮಾತ್ರೆ ಚೀಟಿ, ಒಂದು ಚುಕ್ಕಿ. ಹೀಗೆ ಹೋದ್ರೆ ನಿನ್ನ ದೀಪ ಬರಕ್ಕೆ ಎರಡು ವರ್ಷ ಬೇಕಲ್ಲ ಅಕ್ಕ.”

ಹೊಲಿಗೆಯಕ್ಕ ಟೋಪಿಯನ್ನು ಬೆರಳಿಗೆ ಹಾಕಿ, ತೆಗೆದು, ಮತ್ತೆ ಹಾಕಿಕೊಂಡಳು.

“ಬರಲಿ ಬಿಡು. ನಾನೆಲ್ಲಿಗೆ ಹೋಗ್ತೀನಿ?” ಎಂದು ಮುಂದಿನ ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಫ್ಯಾನು ಹಾಕೇ, ಸೆಕೆ.”